ಮಾಳಿಗೆ ಮೇಲಿನ ದೆವ್ವದ ಕಥೆ: ಹಳೆಯ ಹಾರರ್ ಕಾಮಿಕ್ಸ್ ಓದುವುದು ಹೇಗೆ?

ಎಂಟೇ ಪುಟದ ಕಥೆ. ಐದು ನಿಮಿಷದಲ್ಲಿ ಮುಗಿಸಬಹುದು. ಹಾಗೆ ಮುಗಿಸಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇದರಲ್ಲಿ ಹೆದರುವಂಥದ್ದು ಏನಿದೆ?"

ಮೊದಲ ಸಲ ನಾನೂ ಹಾಗೇ ಓದಿದ್ದೆ. ಮೊಬೈಲಿನಲ್ಲಿ, ಬೆರಳಿನಿಂದ ಸರಸರ ತಳ್ಳುತ್ತಾ. 1950ರ ದಶಕದ ಅಮೆರಿಕದ ಹಾರರ್ ಕಾಮಿಕ್ಸ್ ಬಗ್ಗೆ ಬಹಳ ಕೇಳಿದ್ದೆ, ಓದಿದಾಗ ಏನೂ ಅನಿಸಲಿಲ್ಲ. ಆಮೇಲೆ ಒಂದು ಬೇಸಿಗೆ ರಾತ್ರಿ ಕಲಬುರಗಿಯಲ್ಲಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ್ದೆವು. ಅಣ್ಣನ ಮಗ ನಿದ್ದೆ ಬಾರದೆ ಹೊರಳಾಡುತ್ತಿದ್ದ. "ಕಾಕಾ, ಒಂದು ಕಥಿ ಹೇಳು" ಅಂದ. ಬೇರೇನೂ ನೆನಪಾಗದೆ ಅದೇ ಕಾಮಿಕ್ಸ್ ಕಥೆ ಶುರು ಮಾಡಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ತಾನಾಗೇ ಇಳಿಯಿತು. ಕೊನೆಗೆ ಬರುವ ಹೊತ್ತಿಗೆ ಅವನು ನನ್ನ ಅಂಗಿ ಹಿಡಿದುಕೊಂಡಿದ್ದ. ನನಗೂ ಮೈ ಜುಮ್ ಅಂತು.

ಇವು ಹೇಳುವ ಕಥೆಗಳು. ಆಯಿ ಮಾಳಿಗೆ ಮೇಲೆ ಕೂತು ಹೇಳುತ್ತಿದ್ದ ದೆವ್ವದ ಕಥೆಗಳ ಹಾಗೆ ಕೇಳಿಸಿಕೊಂಡು ಓದಬೇಕು. ಅವತ್ತಿನಿಂದ ನಾನು ಓದುವ ರೀತಿ ಬದಲಾಯಿತು. ಆ ರೀತಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು, ಯಾವ ಕಾಲದ್ದು ಅಂತ ತಿಳಿದುಕೊಳ್ಳಿ

ಹಾರರ್ ಕಾಮಿಕ್ಸ್ ಅಂದರೆ ಒಂದೇ ಥರ ಇಲ್ಲ. ಅಮೆರಿಕದಲ್ಲಿ 1947ರಲ್ಲಿ 'ಈರಿ' ಅನ್ನುವ ಒಂದು ಸಂಚಿಕೆ ಬಂತು. 1948ರಲ್ಲಿ 'ಅಡ್ವೆಂಚರ್ಸ್ ಇಂಟು ದಿ ಅನ್‌ನೋನ್' ಶುರುವಾಗಿ ವರ್ಷಗಟ್ಟಲೆ ನಡೆಯಿತು. ನಿಜವಾದ ಸುಗ್ಗಿ ಬಂದದ್ದು 1950ರಲ್ಲಿ. ಇ.ಸಿ. ಕಾಮಿಕ್ಸ್ ಸಂಸ್ಥೆಯ ವಿಲಿಯಂ ಗೇನ್ಸ್ ಮತ್ತು ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಸೇರಿ ಮೂರು ಪತ್ರಿಕೆ ತಂದರು: 'ಟೇಲ್ಸ್ ಫ್ರಮ್ ದ ಕ್ರಿಪ್ಟ್', 'ದ ವಾಲ್ಟ್ ಆಫ್ ಹಾರರ್', 'ದ ಹಾಂಟ್ ಆಫ್ ಫಿಯರ್'. ಬೆಲೆ 10 ಸೆಂಟ್. ಒಂದು ಸಂಚಿಕೆಯಲ್ಲಿ ಸಾಮಾನ್ಯವಾಗಿ ನಾಲ್ಕು ಕಥೆ, ಒಂದೊಂದು ಆರರಿಂದ ಎಂಟು ಪುಟ. 1954ರಲ್ಲಿ ಈ ಸುಗ್ಗಿ ನಿಂತುಹೋಯಿತು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಹೊಸಬರು ಈ ನಾಲ್ಕೈದು ವರ್ಷದ ಕಥೆಗಳಿಂದಲೇ ಶುರು ಮಾಡುವುದು ಒಳ್ಳೆಯದು. ಗಟ್ಟಿ ಕಾಳು ಇಲ್ಲೇ ಜಾಸ್ತಿ. ಜೊಳ್ಳೂ ಬಹಳ ಇದೆ. ಹತ್ತು ಕಥೆ ಓದಿದರೆ ಮೂರು ಮನಸ್ಸಿನಲ್ಲಿ ಉಳಿದರೆ ಸಾಕು ಅಂದುಕೊಳ್ಳಿ.

ಎಲ್ಲಿ ಸಿಗುತ್ತವೆ?

ಆ ಕಾಲದ ಅಸಲಿ ಪ್ರತಿಗಳು ನಮ್ಮ ಕಡೆ ರದ್ದಿ ಅಂಗಡಿಯಲ್ಲಿ ಸಿಗುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಹೊರದೇಶದಿಂದ ತರಿಸಲೂ ಹೋಗಬೇಡಿ, ದುಡ್ಡು ಬಹಳ. ಓದುವವರಿಗೆ ಅದರ ಅಗತ್ಯವೂ ಇಲ್ಲ.

ಸುಲಭದ ದಾರಿ ಡಿಜಿಟಲ್ ಕಾಮಿಕ್ ಮ್ಯೂಸಿಯಂ ಅನ್ನುವ ವೆಬ್‌ಸೈಟ್. ಮುಚ್ಚಿಹೋದ ಎಷ್ಟೋ ಸಂಸ್ಥೆಗಳ, ಹಕ್ಕು ಮುಗಿದ ಹಳೆಯ ಕಾಮಿಕ್ಸ್ ಅಲ್ಲಿ ಪುಕ್ಕಟೆ ಇವೆ. ಹಾರ್ವಿ ಸಂಸ್ಥೆಯ 'ವಿಚಸ್ ಟೇಲ್ಸ್', 'ಚೇಂಬರ್ ಆಫ್ ಚಿಲ್ಸ್', ಫಾಸೆಟ್ ಸಂಸ್ಥೆಯ 'ದಿಸ್ ಮ್ಯಾಗಝೀನ್ ಈಸ್ ಹಾಂಟೆಡ್' ಹುಡುಕಿ ನೋಡಿ. ಇ.ಸಿ. ಕಥೆಗಳ ಹಕ್ಕು ಇನ್ನೂ ಇದೆ. ಅವನ್ನು ಮರುಮುದ್ರಣದಲ್ಲೇ ಕೊಳ್ಳಬೇಕು. ಎರಡು ಥರದ ಮರುಮುದ್ರಣಗಳಿವೆ. ಫ್ಯಾಂಟಾಗ್ರಾಫಿಕ್ಸ್ ಅವರದು ಕಪ್ಪು ಬಿಳುಪು, ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಪುಸ್ತಕ. ಡಾರ್ಕ್ ಹಾರ್ಸ್ ಅವರದು ಬಣ್ಣದ್ದು, ಸಂಚಿಕೆಗಳ ಸಾಲಿನಲ್ಲಿ. ಒಂದೇ ಕೊಳ್ಳುವ ಹಾಗಿದ್ದರೆ ನಾನು ಕಪ್ಪು ಬಿಳುಪಿನದನ್ನೇ ಹೇಳುತ್ತೇನೆ.

ಕೈಯಲ್ಲಿ ಹಿಡಿದು ಹುಡುಕುವ ಸುಖ ಬೇಕು ಅಂದರೆ ಭಾನುವಾರ ಹೈದರಾಬಾದಿನ ಆಬಿಡ್ಸ್‌ಗೆ ಹೋಗಿ. ಫುಟ್‌ಪಾತಿನ ಉದ್ದಕ್ಕೂ ಹಳೆಯ ಪುಸ್ತಕ ಹರಡಿರುತ್ತಾರೆ. ಕಲಬುರಗಿಯಿಂದ ರೈಲಿದೆ. ಅಲ್ಲಿ ಅದೃಷ್ಟ ಇದ್ದರೆ 70, 80ರ ದಶಕದ ವಿದೇಶಿ ಕಾಮಿಕ್ಸ್ ಸಿಗಬಹುದು. ಹಿಂದಿ ಓದುವವರು ರಾಜ್ ಕಾಮಿಕ್ಸ್ ಅವರ 'ಥ್ರಿಲ್ ಹಾರರ್ ಸಸ್ಪೆನ್ಸ್' ಸಂಚಿಕೆಗಳನ್ನು ಬಿಡಬೇಡಿ. ನಮ್ಮ ಕಡೆ ಹಿಂದಿ, ಉರ್ದು ಕಿವಿಗೆ ಹೊಸದಲ್ಲವಲ್ಲ.

ಒಂದು ಕಿವಿಮಾತು. ಫೋನಿನ ಸಣ್ಣ ಪರದೆಯಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿಕೊಂಡು ಓದಬೇಡಿ. ಇಡೀ ಪುಟ ಒಟ್ಟಿಗೆ ಕಾಣಬೇಕು. ಟ್ಯಾಬ್ ಅಥವಾ ಕಂಪ್ಯೂಟರ್ ಇಲ್ಲದಿದ್ದರೆ, ಹಕ್ಕು ಮುಗಿದ ಒಂದು ಕಥೆಯ ಎಂಟು ಪುಟ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಎ4 ಹಾಳೆ ಸಾಕು.

ಮೊದಲ ಓದು: ಅಕ್ಷರ ಓದಬೇಡಿ

ಮೊದಲು ಬರೀ ಚಿತ್ರ ನೋಡುತ್ತಾ ಎಂಟೂ ಪುಟ ತಿರುಗಿಸಿ. ಕೊನೆಯ ಪುಟ ಮಾತ್ರ ಕೈಯಿಂದ ಮುಚ್ಚಿಡಿ. ಯಾರು ಯಾರನ್ನು ನೋಡುತ್ತಿದ್ದಾರೆ? ಯಾವ ಚೌಕದಲ್ಲಿ ಮುಖ ತೀರಾ ಹತ್ತಿರ ಬಂದಿದೆ? ಎಲ್ಲಿ ಮನುಷ್ಯ ಚಿಕ್ಕವನಾಗಿ ಕತ್ತಲು ದೊಡ್ಡದಾಗಿದೆ? ಹೆಸರು, ಊರು ಏನೂ ಗೊತ್ತಿಲ್ಲದೆ ಎಷ್ಟು ಕಥೆ ಅರ್ಥವಾಯಿತು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ.

ಇ.ಸಿ. ಕಥೆಗಳಲ್ಲಿ ಹೀಗೆ ನೋಡುವುದಕ್ಕೆ ಇನ್ನೊಂದು ಕಾರಣ ಇದೆ. ಅಲ್ಲಿ ಅಕ್ಷರ ಮೊದಲು, ಚಿತ್ರ ಆಮೇಲೆ. ಫೆಲ್ಡ್‌ಸ್ಟೀನ್ ಕಥೆಯನ್ನು ನೇರವಾಗಿ ಚಿತ್ರದ ದಪ್ಪ ಹಾಳೆಯ ಮೇಲೆ ಬರೆಯುತ್ತಿದ್ದರು. ಅಚ್ಚಿನ ಸಹಾಯದಿಂದ ಅಕ್ಷರ ಬರೆದು, ಚೌಕಗಳ ಗೆರೆ ಎಳೆದು ಮುಗಿಸಿದ ಮೇಲೆ ಹಾಳೆ ಕಲಾವಿದನ ಕೈಗೆ ಹೋಗುತ್ತಿತ್ತು. ಉಳಿದ ಜಾಗದಲ್ಲೇ ಅವನು ಭಯ ಹುಟ್ಟಿಸಬೇಕು. ಅಕ್ಷರದ ಗೋಡೆಯ ಕೆಳಗೆ ಇಷ್ಟೇ ಇಷ್ಟು ಜಾಗ. ಅದರಲ್ಲಿ ಏನು ಮಾಡಿದ ಅಂತ ನೋಡುವುದೇ ಒಂದು ಖುಷಿ.

ಬರ್ನಾರ್ಡ್ ಕ್ರಿಗ್‌ಸ್ಟೀನ್ ಅನ್ನುವ ಕಲಾವಿದನಿಗೆ ಈ ಪದ್ಧತಿ ಸಾಲಲಿಲ್ಲ. 'ಮಾಸ್ಟರ್ ರೇಸ್' ಅನ್ನುವ ಆರು ಪುಟದ ಕಥೆ ಅವನ ಕೈಗೆ ಬಂತು. ಹನ್ನೆರಡು ಪುಟ ಕೊಡಿ ಅಂತ ಕೇಳಿದ. ಎಂಟು ಸಿಕ್ಕಿತು. ಚೌಕಗಳನ್ನು ಕತ್ತರಿಸಿ, ಸಣ್ಣದು ಮಾಡಿ, ಮತ್ತೆ ಜೋಡಿಸಿದ. 1955ರಲ್ಲಿ 'ಇಂಪ್ಯಾಕ್ಟ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅದು ಬಂತು. ಅದರಲ್ಲಿ ದೆವ್ವ ಇಲ್ಲ. ನಾಜಿ ಶಿಬಿರದ ನೆನಪು ಬೆನ್ನು ಹತ್ತಿದ ಒಬ್ಬ ಮನುಷ್ಯ ಇದ್ದಾನೆ. ಸುರಂಗದ ರೈಲು ಓಡುವಾಗ ಕಿಟಕಿಯ ಮುಖಗಳು ಒಂದರ ಪಕ್ಕ ಒಂದು ಜಾರಿಹೋಗುವ ಹಾಗೆ ಬರೆದಿದ್ದಾನೆ. ನೋಡುತ್ತಿದ್ದರೆ ಆ ವೇಗ ಮೈಗೆ ತಾಗುತ್ತದೆ. ಸಣ್ಣ ಚೌಕಗಳು ಸಾಲಾಗಿ ಬಂದರೆ ಹೊತ್ತು ಹಿಗ್ಗುತ್ತದೆ ಅನ್ನುವುದನ್ನು ನಾನು ಕಲಿತದ್ದು ಈ ಪುಟಗಳಿಂದ.

ಎರಡನೇ ಓದು: ಬಾಯಿಬಿಟ್ಟು, ಕನ್ನಡದಲ್ಲಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು.

ಈ ಕಥೆಗಳಲ್ಲಿ ಕಥೆ ಹೇಳುವವನು ಒಬ್ಬ ಇರುತ್ತಾನೆ. ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್, ಮುದಿ ಮಾಟಗಾತಿ. ಮೊದಲ ಚೌಕದಲ್ಲಿ ಬಂದು ನಮ್ಮನ್ನು ಮಾತಾಡಿಸುತ್ತಾರೆ, ನಗುತ್ತಾರೆ, ಕೊನೆಯಲ್ಲಿ ಮತ್ತೆ ಬಂದು ಒಂದು ಚುಚ್ಚುಮಾತು ಹೇಳಿ ಹೋಗುತ್ತಾರೆ. ಹೊಸಬರಿಗೆ ಇದು ಕಿರಿಕಿರಿ ಅನಿಸುತ್ತದೆ. ಕಥೆ ಹೇಳು, ಸುಮ್ನೆ ಯಾಕೆ ಹಲ್ಲು ಕಿರಿಯುತ್ತೀ ಅಂತ.

ಆದರೆ ನಮಗೆ ಇವನು ಹೊಸಬನಲ್ಲ. ನಮ್ಮ ಬೇತಾಳ ಯಾರು? ಹೆಗಲ ಮೇಲಿನ ಹೆಣದಲ್ಲಿ ಕೂತು ಕಥೆ ಹೇಳುವವನು. ಹೇಳಿ ಮುಗಿಸಿ ಒಂದು ಪ್ರಶ್ನೆ ಕೇಳುತ್ತಾನೆ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆಯುತ್ತದೆ, ಬಾಯಿ ಬಿಟ್ಟರೆ ಮತ್ತೆ ಮರಕ್ಕೆ ಹಾರುತ್ತದೆ. 'ಛಲ ಬಿಡದ ತ್ರಿವಿಕ್ರಮ' ಅಂತ ನಾವು ಇವತ್ತಿಗೂ ಅನ್ನುತ್ತೇವಲ್ಲ. ಕನ್ನಡದ ಚಂದಮಾಮವನ್ನು ಓದಿ ಬೆಳೆದವರಿಗೆ ಶಂಕರ್ ಬರೆದ ಆ ಚಿತ್ರ ಕಣ್ಣಿಗೆ ಕಟ್ಟಿದೆ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನ. ಕ್ರಿಪ್ಟ್ ಕೀಪರ್ ನನಗೆ ಬೇತಾಳನ ದೂರದ ನೆಂಟನ ಹಾಗೆ ಕಾಣುತ್ತಾನೆ. ಹಾಗೆ ನೋಡಿದ ಮೇಲೆ ಅವನ ನಗು ಕಿರಿಕಿರಿ ಮಾಡಲಿಲ್ಲ. ಭಯದ ಮನೆಗೆ ಕೈ ಹಿಡಿದು ಕರೆದುಕೊಂಡು ಹೋಗುವವನು ಅವನು. ವಾಪಸ್ ಕರೆತರುವವನೂ ಅವನೇ.

ಈಗ ಹೀಗೆ ಮಾಡಿ. ರಾತ್ರಿ ಊಟ ಆದ ಮೇಲೆ ಯಾರಾದರೂ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಪುಟ ನೋಡುತ್ತಾ ಕಥೆಯನ್ನು ನಿಮ್ಮ ಮನೆಯ ಕನ್ನಡದಲ್ಲಿ ಹೇಳಿ. ಪದಕ್ಕೆ ಪದ ಬೇಡ. ಎಷ್ಟೋ ಕಥೆಗಳಲ್ಲಿ ಬರಹ 'ನೀನು' ಅಂತಲೇ ನಡೆಯುತ್ತದೆ. ನೀನು ಬಾಗಿಲು ತೆಗೆಯುತ್ತೀ, ನಿನಗೆ ವಾಸನೆ ಬರುತ್ತದೆ, ಹೀಗೆ. ಇಂಗ್ಲಿಷಿನಲ್ಲಿ ಕಣ್ಣು ಅದನ್ನು ದಾಟಿಕೊಂಡು ಹೋಗಿಬಿಡುತ್ತದೆ. ಕನ್ನಡದಲ್ಲಿ ಬಾಯಿಬಿಟ್ಟು 'ನೀನು' ಅಂದ ತಕ್ಷಣ ಕೂತವರು ಬೆನ್ನು ನೆಟ್ಟಗೆ ಮಾಡುತ್ತಾರೆ. ಪುಟದ ಕೊನೆ ಚೌಕ ಬಂದಾಗ ನಿಲ್ಲಿಸಿ, ಒಂದು ಉಸಿರು ಎಳೆದುಕೊಂಡು ಪುಟ ತಿರುಗಿಸಿ. ಹಳೆಯ ಕಲಾವಿದರಿಗೆ ಈ ತಿರುವಿನ ಬೆಲೆ ಗೊತ್ತಿತ್ತು. ಬಾಗಿಲು ಈ ಪುಟದ ಕೊನೆಯಲ್ಲಿ, ಬಾಗಿಲ ಹಿಂದೆ ಇರುವುದು ಮುಂದಿನ ಪುಟದ ತಲೆಯಲ್ಲಿ.

ಕಾಮಿಕ್ಸ್ ನಡುವೆ ಎರಡು ಪುಟದ ಬರೀ ಅಕ್ಷರದ ಕಥೆ ಇರುತ್ತದೆ. ಎಲ್ಲರೂ ಹಾರಿಸುವುದು ಇದನ್ನೇ. ಇವು ಹುಟ್ಟಿದ್ದು ಅಂಚೆಯ ನಿಯಮದಿಂದ. ಕಡಿಮೆ ದರದಲ್ಲಿ ಪತ್ರಿಕೆ ಕಳಿಸಬೇಕು ಅಂದರೆ ಒಂದಷ್ಟು ಪುಟ ಬರಹ ಇರಲೇಬೇಕಿತ್ತು. ಅದಕ್ಕೇ ಬಹಳಷ್ಟು ಅವಸರದಲ್ಲಿ ಬರೆದ ಹಾಗಿವೆ. ಆದರೂ ಮಾಳಿಗೆ ಮೇಲೆ ಹೇಳಲು ಇವುಗಳಷ್ಟು ಅನುಕೂಲ ಬೇರೆ ಇಲ್ಲ. ಚಿತ್ರ ಬೇಡ, ದೀಪ ಬೇಡ, ನಾಲ್ಕು ನಿಮಿಷ ಸಾಕು. ನಾಲ್ಕೈದು ಓದಿ ಒಂದನ್ನು ಆರಿಸಿಕೊಳ್ಳಿ.

ಕಪ್ಪನ್ನು ಓದಲು ಕಲಿಯಿರಿ

ಬೀದರಿನಲ್ಲಿ ಬಿದರಿ ಕೆಲಸ ನೋಡಿದ್ದೀರಾ? ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೇಲೆ ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾರೆ. ಆ ಹಂತದಲ್ಲಿ ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ, ಎಲ್ಲ ಒಂದೇ ಬೂದು ಬಣ್ಣ. ಆಮೇಲೆ ಕೋಟೆಯ ಮಣ್ಣಿನಲ್ಲಿ ನವಸಾಗರ ಕಲಸಿ, ಬಿಸಿ ಮಾಡಿ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ. ಬೆಳ್ಳಿ ಕಪ್ಪಾಗುವುದಿಲ್ಲ. ಒಮ್ಮೆಲೇ ಹೂಬಳ್ಳಿ ಎದ್ದು ಕಾಣುತ್ತದೆ.

ಒಳ್ಳೆಯ ಹಾರರ್ ಚಿತ್ರವೂ ಹೀಗೇ. ಕಪ್ಪಿನಿಂದಲೇ ಬಿಳಿಗೆ ಜೀವ. ಇದನ್ನು ನೋಡಲು ಸುಲಭದ ಉಪಾಯ ಇದೆ. ಫೋನ್ ಅಥವಾ ಟ್ಯಾಬಿನ ಸೆಟ್ಟಿಂಗಿನಲ್ಲಿ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿಕೊಳ್ಳಿ. ಅದೇ ಪುಟ ಬೇರೆಯದೇ ಆಗಿ ಕಾಣುತ್ತದೆ. ಈಗ ಕಣ್ಣು ಕಿರಿದು ಮಾಡಿ ನೋಡಿ. ಮೊದಲು ಕಾಣುವ ಬಿಳಿ ಯಾವುದು? ಕಣ್ಣು ಮೊದಲು ಅಲ್ಲಿಗೇ ಹೋಗಲಿ ಅಂತಲೇ ಕಲಾವಿದ ಬರೆದಿರುತ್ತಾನೆ.

ಮೂವರನ್ನು ಪಕ್ಕಪಕ್ಕ ಇಟ್ಟು ನೋಡಿ. ಗ್ರಹಾಂ ಇಂಗಲ್ಸ್ 'ಘಾಸ್ಟ್ಲಿ' ಅಂತ ಸಹಿ ಹಾಕುತ್ತಿದ್ದರು. ಅವರ ಗೆರೆ ಕೊಳೆತ ಬೇರಿನ ಹಾಗೆ ಇಳಿಬೀಳುತ್ತದೆ. ಬಾಯಿಂದ ಜೊಲ್ಲು, ಗೋಡೆಯಿಂದ ನೀರು, ಮರದಿಂದ ಬಳ್ಳಿ, ಎಲ್ಲ ತೊಟ್ಟಿಕ್ಕುತ್ತದೆ. ಜಾನಿ ಕ್ರೇಗ್ ಇದಕ್ಕೆ ಪೂರ್ತಿ ಬೇರೆ. ಚೊಕ್ಕ ಗೆರೆ, ಚೊಕ್ಕ ಮನೆ, ಇಸ್ತ್ರಿ ಮಾಡಿದ ಬಟ್ಟೆ ಹಾಕಿದ ಗಂಡ ಹೆಂಡತಿ. ಆ ಅಚ್ಚುಕಟ್ಟಿನೊಳಗೆ ಕೊಲೆ ನಡೆಯುತ್ತದೆ. ಜಾಕ್ ಡೇವಿಸ್ ಹಳ್ಳಿ ಮುಖ, ದೊಡ್ಡ ಬೂಟು, ಸುಕ್ಕು ಬಟ್ಟೆ ಬರೆಯುವುದರಲ್ಲಿ ಗಟ್ಟಿಗ. ನನಗೆ ಇಂಗಲ್ಸ್ ಇಷ್ಟ. ಆದರೆ ನಿದ್ದೆ ಕೆಡಿಸಿದ್ದು ಕ್ರೇಗ್.

ಆಮೇಲೆ ಬಣ್ಣಕ್ಕೆ ವಾಪಸ್ ಬನ್ನಿ. ಅಗ್ಗದ ಕಾಗದ, ನಾಲ್ಕೇ ಶಾಯಿ, ಸಣ್ಣ ಚುಕ್ಕೆಗಳು. ಇಡೀ ಚೌಕಕ್ಕೆ ಒಂದೇ ಕೆಂಪು ಅಥವಾ ಒಂದೇ ನೀಲಿ ಬಳಿದದ್ದು ಕಂಡರೆ ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಬೆಳಕು ಬದಲಾಯಿತು, ಎದೆ ಬಡಿತ ಬದಲಾಯಿತು ಅಂತ ಹೇಳುವ ದಾರಿ ಅದು. ಇ.ಸಿ. ಪುಟಗಳಿಗೆ ಬಣ್ಣ ಹಾಕುತ್ತಿದ್ದವರು ಮೇರಿ ಸೆವೆರಿನ್. ಆ ಹೆಸರು ನೆನಪಿಟ್ಟುಕೊಳ್ಳಿ.

ಕೊನೆಯ ಪುಟಕ್ಕೆ ಮುಂಚೆ ನಿಲ್ಲಿ

ಮುಚ್ಚಿಟ್ಟ ಕೊನೆಯ ಪುಟ ನೆನಪಿದೆಯಲ್ಲ? ಅದನ್ನು ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪಾಪಿಗೆ ಯಾವ ಶಿಕ್ಷೆ ಸರಿ?

ಈ ಕಥೆಗಳ ನ್ಯಾಯ ನಮ್ಮ ಗಾದೆಯ ನ್ಯಾಯವೇ. ಮಾಡಿದ್ದುಣ್ಣೋ ಮಹರಾಯ. ವಿಷ ಹಾಕಿದವನಿಗೆ ವಿಷ, ಹೂತವನಿಗೆ ಹೂಳು. ಕೋರ್ಟು, ಪೊಲೀಸು ಮುಟ್ಟಲಾಗದ ದುಷ್ಟನನ್ನು ಸತ್ತವರು ಬಂದು ಹಿಡಿಯುತ್ತಾರೆ. ಶಿಕ್ಷೆ ಆಗುತ್ತದೆ ಅಂತ ಮೊದಲೇ ಗೊತ್ತು. ಹೇಗೆ ಅನ್ನುವುದರಲ್ಲಿ ಕುತೂಹಲ. ನಿಮ್ಮ ಉತ್ತರವನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಆಮೇಲೆ ಪುಟ ತೆಗೆಯಿರಿ. ಅವರ ಉತ್ತರ ನಿಮ್ಮದಕ್ಕಿಂತ ಚೆನ್ನಾಗಿದ್ದರೆ, ಹಿಂದಕ್ಕೆ ಹೋಗಿ ಸುಳಿವು ಎಲ್ಲಿ ಬಿಟ್ಟಿದ್ದರು ಅಂತ ಹುಡುಕಿ. ಒಳ್ಳೆಯ ಕಥೆಯಾದರೆ ಎರಡನೇ ಪುಟದಲ್ಲೇ ಸಿಗುತ್ತದೆ, ಯಾರೂ ಗಮನಿಸದ ಒಂದು ಮೂಲೆಯಲ್ಲಿ.

1954ರ ಎರಡೂ ಕಡೆ ಓದಿ

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬರೆದ ಪುಸ್ತಕ ಬಂತು. ಕಾಮಿಕ್ಸ್ ಮಕ್ಕಳನ್ನು ಹಾಳು ಮಾಡುತ್ತಿವೆ ಅನ್ನುವುದು ಅವರ ವಾದ. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಗೇನ್ಸ್ ತಾವಾಗೇ ಹೋಗಿ ಕೂತರು. ಕೊಡಲಿ ಮತ್ತು ಕತ್ತರಿಸಿದ ತಲೆ ಇದ್ದ ಒಂದು ಮುಖಪುಟ ತೋರಿಸಿ, ಇದು ಸದಭಿರುಚಿಯೇ ಅಂತ ಸೆನೆಟರ್ ಕೀಫಾವರ್ ಕೇಳಿದರು. ಹಾರರ್ ಕಾಮಿಕ್ಸ್ ಮುಖಪುಟಕ್ಕೆ ಇದು ಸರಿ ಅಂತ ಗೇನ್ಸ್ ಹೇಳಿದರು. ಆ ಉತ್ತರ ಅವರಿಗೆ ದುಬಾರಿಯಾಯಿತು. ವರ್ಷ ಮುಗಿಯುವುದರೊಳಗೆ ಪ್ರಕಾಶಕರೇ ಸೇರಿ 'ಕಾಮಿಕ್ಸ್ ಕೋಡ್' ತಂದರು. ಹೆಸರಿನಲ್ಲಿ 'ಹಾರರ್' ಬೇಡ, 'ಟೆರರ್' ಬೇಡ. ರಕ್ತ ಹೀರುವ ಪಿಶಾಚಿ, ನಡೆಯುವ ಹೆಣ, ತೋಳಮನುಷ್ಯ ಯಾರೂ ಬೇಡ. ಇ.ಸಿ.ಯ ಮೂರು ಪತ್ರಿಕೆಗಳೂ ನಿಂತವು.

ಇಲ್ಲಿ ಒಂದು ಅಭ್ಯಾಸ ಮಾಡಿ. 1953ರ ಒಂದು ಕಥೆ, 1956ರ ಒಂದು ಕಥೆ ತೆಗೆದುಕೊಂಡು ಒಂದೇ ರಾತ್ರಿ ಓದಿ. ಎರಡನೆಯದರಲ್ಲಿ ಎಷ್ಟೋ ಸಲ ದೆವ್ವ ಕೊನೆಗೆ ಕನಸಾಗಿರುತ್ತದೆ, ಇಲ್ಲ ಯಾರದೋ ಮೋಸವಾಗಿರುತ್ತದೆ. ಆದರೆ ಕತ್ತರಿ ಬಿದ್ದ ಕಡೆ ಕೆಲವರು ಬೇರೆ ದಾರಿ ಹುಡುಕಿದರು. ರಕ್ತ ತೋರಿಸದೆ ಬರೀ ಮೌನದಿಂದ ಹೆದರಿಸಿದವರೂ ಇದ್ದಾರೆ.

1964ರಲ್ಲಿ ವಾರೆನ್ ಸಂಸ್ಥೆ 'ಕ್ರೀಪಿ' ಶುರು ಮಾಡಿತು. ಅದು ದೊಡ್ಡ ಅಳತೆಯ ಕಪ್ಪು ಬಿಳುಪು ಮ್ಯಾಗಝೀನ್ ಆಗಿದ್ದರಿಂದ ಕೋಡ್ ಅದಕ್ಕೆ ತಾಗಲಿಲ್ಲ. 1971ರಲ್ಲಿ ಕೋಡ್ ಸಡಿಲವಾಯಿತು. ಅದೇ ವರ್ಷ ಬರ್ನಿ ರೈಟ್ಸನ್ ಚಿತ್ರ ಬರೆದ 'ಸ್ವಾಂಪ್ ಥಿಂಗ್' ಬಂತು. ಇಂಗಲ್ಸ್ ಇಷ್ಟವಾದವರು ಮುಂದೆ ರೈಟ್ಸನ್‌ಗೆ ಹೋಗಿ.

ಮನಸ್ಸಿಗೆ ಚುಚ್ಚುವ ಜಾಗಗಳು

ಪ್ರೀತಿಯಿಂದ ಓದುವವರು ತಪ್ಪನ್ನೂ ಕಾಣಬೇಕು. ಈ ಕಥೆಗಳಲ್ಲಿ ಹೆಂಡತಿಯನ್ನು ಕೊಲ್ಲುವುದು ತೀರಾ ಸಸಾರ. ಬೇರೆ ದೇಶದವರು ಅಂದರೆ ಮಾಟ ಮಂತ್ರ ಮಾಡುವವರು. ಭಾರತ ಬಂದರಂತೂ ಹಾವು, ಫಕೀರ, ಶಾಪ. ಇಂಥ ಪುಟ ಬಂದಾಗ ನಾನು ಅಣ್ಣನ ಮಗನಿಗೆ ನೇರವಾಗಿ ಹೇಳುತ್ತೇನೆ: ಇವರಿಗೆ ನಮ್ಮ ಬಗ್ಗೆ ಗೊತ್ತಿರಲಿಲ್ಲ, ತಪ್ಪು ಬರೆದಿದ್ದಾರೆ. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳ ಕೈಗೆ ಪುಸ್ತಕ ಹಾಗೇ ಕೊಡಬೇಡಿ. ನೀವು ಮೊದಲು ಓದಿ, ಆರಿಸಿ, ಹೇಳಿ.

ಕಾಗದ ಕೈಗೆ ಸಿಕ್ಕರೆ

ನನ್ನ ಹತ್ತಿರ ಆಬಿಡ್ಸ್‌ನಲ್ಲಿ ಸಿಕ್ಕ ಒಂಬತ್ತು ಹಳೆಯ ಸಂಚಿಕೆ ಇದ್ದವು. ಮಾಳಿಗೆ ಮೇಲಿನ ಖೋಲಿಯಲ್ಲಿ ತಗಡಿನ ಟ್ರಂಕಿನಲ್ಲಿ ಇಟ್ಟೆ. ಮೇ ತಿಂಗಳ ಬಿಸಿಲು ಗೊತ್ತಲ್ಲ. ಎರಡು ಬೇಸಿಗೆ ಕಳೆದು ತೆಗೆದಾಗ ಅಂಚೆಲ್ಲ ಹಪ್ಪಳದ ಹಾಗೆ ಮುರಿಯಿತು. ಪಿನ್ ತುಕ್ಕು ಹಿಡಿದು ನಡುವಿನ ಪುಟ ಕಿತ್ತು ಬಂತು. ನಾಲ್ಕು ಮಾತ್ರ ಉಳಿದವು. ಆ ಸಂಕಟ ನಿಮಗೆ ಬೇಡ.

ಅಗ್ಗದ ಕಾಗದದಲ್ಲೇ ಹುಳಿ, ಅಂದರೆ ಆಸಿಡ್ ಇರುತ್ತದೆ. ಬಿಸಿ, ಬೆಳಕು, ತೇವ ಸೇರಿದರೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಕೆಳಗಿನ ಖೋಲಿಯಲ್ಲಿ, ಗೋಡೆಗೆ ತಾಗದ ಹಾಗೆ, ಬಿಸಿಲು ಬೀಳದ ಕಪಾಟಿನಲ್ಲಿ ಇಡಿ. ಪಾಲಿಯೆಸ್ಟರ್ ಕವರು, ಹಿಂದೆ ಹುಳಿ ಇಲ್ಲದ ರಟ್ಟು. ಹರಿದರೆ ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಶನ್ ಬೇಡವೇ ಬೇಡ. ಶೇಂಗಾ ಚಟ್ನಿ ತಿಂದ ಕೈಯಲ್ಲಿ ಮುಟ್ಟಬೇಡಿ.

ಕೊನೆಗೆ, ಒಂದು ಪುಟ ನೀವೇ ಬರೆಯಿರಿ

ಚಿತ್ರ ಬರುವುದಿಲ್ಲ ಅನ್ನಬೇಡಿ, ಕಡ್ಡಿ ಗೊಂಬೆ ಸಾಕು. ಕಲಬುರಗಿಯಿಂದ ಬೀದರಿಗೆ ರೈಲೂ ಇದೆ, ಬಸ್ಸೂ ಇದೆ. ಬೀದರಿನಿಂದ ಅಷ್ಟೂರು ಹತ್ತಿರ, ಆಟೋದಲ್ಲಿ ಹೋಗಬಹುದು. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ಎಲ್ಲರೂ ಅಹ್ಮದ್ ಶಾ ವಲಿಯ ಗುಮ್ಮಟದ ಒಳಗಿನ ಬಣ್ಣದ ಚಿತ್ರ ನೋಡಲು ಹೋಗುತ್ತಾರೆ. ಅದನ್ನು ನೋಡಿ. ನೋಡಿ ಹೊರಗೆ ಬಂದು ಒಡೆದ ಗುಮ್ಮಟದ ಮುಂದೆ ಕೂರಿ.

ಅದು ಹುಮಾಯೂನ್ ಶಾನದು. 1458ರಿಂದ 1461ರವರೆಗೆ ಆಳಿದವನು. ಜನ ಅವನಿಗೆ ಇಟ್ಟ ಹೆಸರು ಜಾಲಿಮ್, ಅಂದರೆ ಕ್ರೂರಿ. ಸೇವಕರೇ ಕೊಂದರು ಅಂತ ಒಂದು ಮಾತಿದೆ. ಗೋರಿಗೆ ಸಿಡಿಲು ಬಡಿದು ಹೀಗಾಯಿತು ಅಂತ ಹೇಳುತ್ತಾರೆ. ಅರ್ಧ ಗುಮ್ಮಟ ಬಿದ್ದಿದೆ, ಇನ್ನರ್ಧ ಒಳಗನ್ನು ತೋರಿಸುತ್ತಾ ನಿಂತಿದೆ.

ಒಂದು ಹಾಳೆಯನ್ನು ಆರು ಚೌಕ ಮಾಡಿ. ಮೊದಲನೆಯದರಲ್ಲಿ ಕಥೆ ಹೇಳುವವನು. ಅವನು ಯಾರು ಅಂತ ನೀವೇ ಆರಿಸಿ: ಮುದಿ ಕಾವಲುಗಾರ, ಗುಮ್ಮಟದ ಬಾವಲಿ, ಬೇವಿನ ಮರ. ಎರಡು, ಮೂರರಲ್ಲಿ ಸುಲ್ತಾನ ಮಾಡಿದ್ದು. ನಾಲ್ಕರಲ್ಲಿ ಸೇವಕನ ಕೈ ಮಾತ್ರ. ಐದನ್ನು ಪೂರ್ತಿ ಕಪ್ಪು ಬಳಿಯಿರಿ, ಒಂದು ಬಿಳಿ ಗೆರೆ ಬಿಡಿ. ಆರನೆಯದಕ್ಕೆ ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಬರೆಯಿರಿ.

ಅಣ್ಣನ ಮಗ ಬರೆದದ್ದರಲ್ಲಿ ಆರನೇ ಚೌಕದಲ್ಲಿ ಸುಲ್ತಾನನೇ ಇಲ್ಲ. ಅವನ ಗೋರಿಯ ಮೇಲೆ ಆಕಾಶ ಕಾಣುತ್ತದೆ, ಮಳೆ ಒಳಗೆ ಬೀಳುತ್ತಿದೆ.